ದೇವರ ಮನೆಯ ಅಪ್ಪ, ಅಮ್ಮ, ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವನು. ಈಗ ಮಕ್ಕಳನ್ನೂ ಅವರ ಹೆತ್ತವರನ್ನೂ ಕರೆದುಕೊಂಡು ಊರ ಸುತ್ತಲಿನ ದೇವಸ್ಥಾನ, ಇಗರ್ಜಿಗಳಿಗೆ ಹೋಗಿ ಅಲ್ಲಿಯ ಮೂರ್ತಿ, ಚಿತ್ರ ತೋರಿಸುತ್ತೇನೆ. ದಾರಿಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಯೋಚಿಸಬೇಕಾದದ್ದು ಆಮೇಲೆ.

## ಶುರುವಿಗೆ

ದೇವರ ಸಂಸಾರದ ಚಿತ್ರ ಅಂದ್ರೆ ಯಾವುದೆಲ್ಲ ಬರುತ್ತೆ?

ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಎರಡು. ಒಂದು, ಶಿವ, ಪಾರ್ವತಿ, ಗಣಪ, ಷಣ್ಮುಖ ಒಟ್ಟಿಗೆ ಕೂತ ಪಟ. ಇನ್ನೊಂದು, ಯಶೋದೆ ಮತ್ತು ಕೃಷ್ಣ. ವಸುದೇವ ಬುಟ್ಟಿ ಹೊತ್ತು ಯಮುನೆ ದಾಟುವುದು, ಶ್ರವಣಕುಮಾರ ಹೆತ್ತವರನ್ನು ಕಾವಡಿಯಲ್ಲಿ ಹೊರುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ಕ್ರೈಸ್ತರಲ್ಲಿ ಮರಿಯಮ್ಮ, ಜೋಸೆಫರು, ಬಾಲಯೇಸು ಇರುವ ಪವಿತ್ರ ಕುಟುಂಬ ಇದೆ. ಮರಿಯಮ್ಮನಿಗೆ ಅವಳ ತಾಯಿ ಅನ್ನಮ್ಮ ಓದು ಕಲಿಸುವ ಚಿತ್ರವೂ ಇದೆ. ಜೈನರಲ್ಲಿ ಅಂಬಿಕಾ ಯಕ್ಷಿ, ಅಂದರೆ ತೀರ್ಥಂಕರರ ಕಾವಲಿನ ದೇವತೆ, ಇದ್ದಾಳೆ. ಇವಳನ್ನೇ ಕೂಷ್ಮಾಂಡಿನಿ ಎನ್ನುತ್ತಾರೆ. ಎರಡು ಮಕ್ಕಳು, ಮಾವಿನ ಗೊಂಚಲು, ಸಿಂಹ ಇವಳ ಗುರುತು.

ನನ್ನ ಮಟ್ಟಿಗೆ ಲೆಕ್ಕ ಸರಳ. ಚಿತ್ರದಲ್ಲಿ ಯಾರೋ ಒಬ್ಬರು ಇನ್ನೊಬ್ಬರನ್ನು ಸಾಕುತ್ತಿರಬೇಕು. ಎತ್ತಿಕೊಳ್ಳುವುದು, ಉಣಿಸುವುದು, ಮೀಯಿಸುವುದು, ಹೊರುವುದು, ಕಾಯುವುದು. ಅಂಥ ಕೆಲಸವೇ ಪೂಜೆಗೆ ಯೋಗ್ಯ ಎಂದು ಕಂಡವರು ಈ ಚಿತ್ರಗಳನ್ನು ಬರೆದರು.

ಎಲ್ಲ ಬಿಟ್ಟವನೇ ದೇವರು ಅಲ್ವಾ? ಅವನಿಗೆ ಹೆಂಡತಿ ಮಕ್ಕಳು ಯಾಕೆ?

ಶಿವನಿಗಿಂತ ದೊಡ್ಡ ವೈರಾಗಿ ಯಾರಿದ್ದಾರೆ? ಮಸಣದ ಬೂದಿ, ತಪಸ್ಸು. ಆದರೆ ತಾರಕಾಸುರನಿಗೆ ಇದ್ದ ವರವೇ ಹಾಗೆ: ಶಿವನ ಮಗನಿಂದ ಮಾತ್ರ ಸಾವು. ಲೋಕ ಉಳಿಯಬೇಕಾದರೆ ಶಿವ ತಪಸ್ಸಿನಿಂದ ಎದ್ದು ಅಪ್ಪನಾಗಬೇಕಾಯಿತು. ತಪಸ್ಸಿನಿಂದ ಆಗದ ಕೆಲಸ ಒಂದು ಮಗುವಿನಿಂದ ಆಯಿತು ಎಂದು ಪುರಾಣವೇ ಹೇಳುತ್ತದೆ. ಆ ಪಟದಲ್ಲಿ ಇನ್ನೊಂದು ಗಮನಿಸಿ. ಪಾರ್ವತಿಯ ಸಿಂಹ, ಶಿವನ ನಂದಿ, ಕುತ್ತಿಗೆಯ ಹಾವು, ಮಗನ ನವಿಲು, ಇನ್ನೊಬ್ಬ ಮಗನ ಇಲಿ. ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದ ಪ್ರಾಣಿಗಳೆಲ್ಲ ಒಂದೇ ಜಗಲಿಯಲ್ಲಿವೆ. ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಕಾರರು 18, 19ನೇ ಶತಮಾನದಲ್ಲಿ ಇದನ್ನು ತುಂಬ ಪ್ರೀತಿಯಿಂದ ಬರೆದರು.

ಮಾಷ್ಟ್ರೇ, ದೂರ ಹೋಗಲಿಕ್ಕೆ ಆಗುವುದಿಲ್ಲ. ಇಲ್ಲೇ ಹತ್ತಿರ ಎಲ್ಲಿ ನೋಡಬಹುದು?

ಮಧೂರಿನಿಂದ ಶುರು ಮಾಡಿ. ಮಧುವಾಹಿನಿ ಹೊಳೆಯ ದಡದ ಆ ದೇವಸ್ಥಾನದಲ್ಲಿ ಮೂಲದೇವರು ಮದನಂತೇಶ್ವರ, ಅಂದರೆ ಶಿವ. ಆದರೆ ಜನರ ಬಾಯಲ್ಲಿ ಅದು ಗಣಪತಿಯ ಕ್ಷೇತ್ರ. ಐತಿಹ್ಯ ಹೀಗಿದೆ. ಗರ್ಭಗುಡಿಯ ದಕ್ಷಿಣದ ಗೋಡೆಯಲ್ಲಿ ಒಬ್ಬ ಹುಡುಗ ಆಟಕ್ಕೆ ಗಣಪತಿಯ ಚಿತ್ರ ಬರೆದ. ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತ ಹೋಯಿತು. ಹುಡುಗ ಅದನ್ನು 'ಬೊಡ್ಡಜ್ಜ' ಎಂದು ಕರೆದ. ಇವತ್ತಿಗೂ ಮಧೂರು ಗಣಪತಿಗೆ ಆ ಹೆಸರಿದೆ. ಅಪ್ಪನ ಗುಡಿಯ ಗೋಡೆಯಲ್ಲಿ ಮಗ ಕೂತಿದ್ದಾನೆ, ಅದೂ ಒಂದು ಮಗುವಿನ ಕೈಯಿಂದ ಮೂಡಿ. ಮಕ್ಕಳು ಮನೆಯ ಗೋಡೆಯಲ್ಲಿ ಗೀಚಿದರೆ ಬೈಯುವ ಮೊದಲು ಒಮ್ಮೆ ಮಧೂರನ್ನು ನೆನೆಯಿರಿ ಎಂದು ನಾನು ಹೆತ್ತವರಿಗೆ ಹೇಳುವುದುಂಟು. ಅಲ್ಲಿಯ ಮರದ ಕೆತ್ತನೆಗಳನ್ನೂ ನೋಡದೆ ಬರಬೇಡಿ.

ಆಮೇಲೆ ಅನಂತಪುರ, ಕೆರೆಯ ನಡುವಿನ ದೇವಸ್ಥಾನ. ಅಲ್ಲಿಯ ಐತಿಹ್ಯದಲ್ಲಿ ಸಾಕುವ ಕಷ್ಟ ನೇರವಾಗಿ ಬರುತ್ತದೆ. ಬಿಲ್ವಮಂಗಲ ಸ್ವಾಮಿಗಳ ಹತ್ತಿರ ಒಬ್ಬ ಅನಾಥ ಹುಡುಗ ಬಂದ. ಪೂಜೆಗೆ ನೆರವಾದ, ಜೊತೆಗೇ ತಂಟೆಯನ್ನೂ ಮಾಡಿದ. ಒಂದು ದಿನ ಸ್ವಾಮಿಗಳಿಗೆ ತಾಳ್ಮೆ ತಪ್ಪಿತು. ಎಡಗೈಯಿಂದ ಹುಡುಗನನ್ನು ತಳ್ಳಿದರು. ಹುಡುಗ ಗುಹೆಯೊಳಗೆ ಮಾಯವಾದ. ನನ್ನನ್ನು ನೋಡಬೇಕಾದರೆ ಅನಂತನಕಾಡಿಗೆ ಬಾ ಎಂಬ ಮಾತು ಮಾತ್ರ ಉಳಿಯಿತು. ಸ್ವಾಮಿಗಳು ಅವನನ್ನು ಹುಡುಕುತ್ತ ತಿರುವನಂತಪುರದ ತನಕ ನಡೆದರು. ಒಂದು ಕ್ಷಣದ ಸಿಟ್ಟಿಗೆ ಅಷ್ಟು ದೂರದ ನಡಿಗೆ! ಮಗುವಿಗೆ ಕೈಯೆತ್ತಿ ಆಮೇಲೆ ನೊಂದುಕೊಂಡ ಅಪ್ಪ ಅಮ್ಮ ಯಾರೇ ಆಗಲಿ, ಈ ಕತೆ ಅವರಿಗೆ ಅರ್ಥವಾಗುತ್ತದೆ. ಮಂಟಪದ ಮುಚ್ಚಿಗೆಯಲ್ಲಿ ದಶಾವತಾರದ ಮರದ ಕೆತ್ತನೆ ಇದೆ. ಕುತ್ತಿಗೆ ನೋವಾದರೂ ಮೇಲೆ ನೋಡಿ.

ಕುಂಬಳೆಯಲ್ಲಿ ಕಣಿಪುರ ಗೋಪಾಲಕೃಷ್ಣ ಇದ್ದಾನೆ. ಕಣ್ವ ಮಹರ್ಷಿಗಳು ಪ್ರತಿಷ್ಠೆ ಮಾಡಿದ ಬಾಲರೂಪ ಎಂದು ನಂಬಿಕೆ. ಬೇಳದ ಇಗರ್ಜಿಯ ಬಗ್ಗೆ ಕೆಳಗೆ ಬರೆದಿದ್ದೇನೆ. ಮಂಗಳೂರಿಗೆ ಹೋಗುವವರು ಸಂತ ಅಲೋಶಿಯಸ್ ಚಾಪೆಲ್ಲಿಗೂ ಹೋಗಿ ಬನ್ನಿ. ಇಟಲಿಯಿಂದ ಬಂದ, ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಬ್ರದರ್ ಅಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಯ ಹೊತ್ತಿಗೆ ಅದರ ಗೋಡೆ, ಛಾವಣಿ ಎಲ್ಲ ಚಿತ್ರದಿಂದ ತುಂಬಿಸಿದರು.

## ನೋಡುವ ಬಗೆ

ಪಟ ನೋಡುವಾಗ ಮೊದಲು ಏನು ನೋಡಬೇಕು?

ಕೈ ನೋಡಿ. ಮುಖ ಎಲ್ಲ ಪಟದಲ್ಲೂ ಹೆಚ್ಚುಕಡಿಮೆ ಒಂದೇ ಥರ ಶಾಂತವಾಗಿರುತ್ತದೆ. ಕತೆ ಇರುವುದು ಕೈಯಲ್ಲಿ.

ಯಶೋದೆ ಕೃಷ್ಣನನ್ನು ಒರಳಿಗೆ ಕಟ್ಟುವ ಚಿತ್ರ ತೆಗೆದುಕೊಳ್ಳಿ. ಭಾಗವತದ ಹತ್ತನೇ ಸ್ಕಂಧದಲ್ಲಿ ಅದರ ವಿವರ ತುಂಬ ಚೆನ್ನಾಗಿದೆ. ಯಶೋದೆ ಮೊಸರು ಕಡೆಯುತ್ತಿದ್ದಾಳೆ. ಮಗು ಬಂದು ಹಾಲು ಕೇಳುತ್ತದೆ. ಕುಡಿಸುತ್ತಿರುವಾಗಲೇ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಮಗುವನ್ನು ಕೆಳಗಿಟ್ಟು ಓಡುತ್ತಾಳೆ. ಮಗುವಿಗೆ ಸಿಟ್ಟು ಬಂದು ಮಡಕೆ ಒಡೆಯುತ್ತದೆ. ಅವಳು ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಾಳೆ. ಹಿಡಿದ ಮೇಲೆ ಮಗು ಹೆದರಿದ್ದು ಕಂಡು ಕೋಲು ಬಿಸಾಡುತ್ತಾಳೆ. ಹಗ್ಗ ತರುತ್ತಾಳೆ. ಎರಡು ಬೆರಳಿನಷ್ಟು ಕಡಿಮೆ. ಇನ್ನೊಂದು ಹಗ್ಗ ಗಂಟು ಹಾಕಿದರೂ ಎರಡು ಬೆರಳು ಕಡಿಮೆಯೇ. ಕೊನೆಗೆ ತಾಯಿ ಬೆವತದ್ದು, ಮುಡಿಯ ಹೂವು ಜಾರಿದ್ದು ನೋಡಿ ಕೃಷ್ಣನೇ ಕಟ್ಟಿಸಿಕೊಳ್ಳುತ್ತಾನೆ.

ಈಗ ಪಟ ನೋಡಿ. ಒಳ್ಳೆಯ ಚಿತ್ರಕಾರ ನೆಲದಲ್ಲಿ ಬಿಸಾಡಿದ ಕೋಲು ಬರೆದಿರುತ್ತಾನೆ. ಹಗ್ಗದಲ್ಲಿ ಗಂಟು ಇರುತ್ತದೆ. ಜಡೆ ಬಿಚ್ಚಿರುತ್ತದೆ. ಇದಿಲ್ಲದೆ ಸೀರೆ, ಒಡವೆ ಮಾತ್ರ ಮಿಂಚುತ್ತಿದ್ದರೆ ಆ ಚಿತ್ರಕಾರ ಯಾವತ್ತೂ ಮಗುವಿನ ಹಿಂದೆ ಓಡಿದವನಲ್ಲ ಎಂದೇ ನನಗೆ ಅನಿಸುತ್ತದೆ.

ಎಲ್ಲ ಕಡೆ ಅಮ್ಮನೇ ಇದ್ದಾಳೆ. ಅಪ್ಪಂದಿರು ಎಲ್ಲಿ?

ಇದ್ದಾರೆ, ನಾವು ಹುಡುಕುವುದು ಕಡಿಮೆ. ವಸುದೇವ ಮಳೆಯಲ್ಲಿ, ನಡುರಾತ್ರಿ, ಹೊಸ ಹುಟ್ಟಿನ ಮಗುವನ್ನು ತಲೆಯ ಮೇಲೆ ಹೊತ್ತು ಹೊಳೆ ದಾಟುತ್ತಾನೆ. ನೀರು ಕುತ್ತಿಗೆಗೆ ಬಂದರೂ ಬುಟ್ಟಿ ಮೇಲೆ ಎತ್ತಿಯೇ ಇರುತ್ತದೆ. ಜೋಸೆಫರನ್ನು ನೋಡಿ. ನಾಲ್ಕು ಶುಭಸಂದೇಶಗಳಲ್ಲಿ ಅವರ ಬಾಯಿಂದ ಒಂದು ಮಾತೂ ಇಲ್ಲ. ಆದರೆ ಚಿತ್ರಗಳಲ್ಲಿ ಅವರ ಕೈಯಲ್ಲಿ ಯಾವಾಗಲೂ ಕೆಲಸ ಇದೆ. ಫ್ರಾನ್ಸಿನ ಜಾರ್ಜ್ ದ ಲಾ ಟೂರ್ 1640ರ ದಶಕದಲ್ಲಿ ಬರೆದ ಒಂದು ಚಿತ್ರದಲ್ಲಿ ಜೋಸೆಫರು ಬಾಗಿ ಮರಕ್ಕೆ ತೂತು ಕೊರೆಯುತ್ತಿದ್ದಾರೆ. ಬಾಲಯೇಸು ಮೇಣದ ಬತ್ತಿ ಹಿಡಿದು ಬೆಳಕು ಕೊಡುತ್ತಿದ್ದಾನೆ. ಮಗುವಿನ ಬೆರಳುಗಳ ಒಳಗಿಂದ ಬೆಳಕು ಕೆಂಪಗೆ ತೋರುತ್ತದೆ. ಅಪ್ಪನ ಕೆಲಸಕ್ಕೆ ಟಾರ್ಚ್ ಹಿಡಿದು ನಿಂತ ಮಕ್ಕಳು ನಮ್ಮಲ್ಲೂ ಎಷ್ಟಿಲ್ಲ!

ನನಗೆ ಎಲ್ಲಕ್ಕಿಂತ ಇಷ್ಟ ಸ್ವಾಮಿಮಲೆಯ ಕತೆಯ ಶಿಲ್ಪ. ಕುಂಭಕೋಣದ ಹತ್ತಿರದ ಈ ಕ್ಷೇತ್ರದಲ್ಲಿ ಬಾಲ ಮುರುಗ ಅಪ್ಪನಿಗೇ ಓಂಕಾರದ ಅರ್ಥ ಹೇಳಿಕೊಟ್ಟ ಎಂದು ನಂಬಿಕೆ. ತಮಿಳುನಾಡಿನ ಗೋಪುರಗಳಲ್ಲಿ ನೋಡಬಹುದು. ಶಿವ ಶಿಷ್ಯನ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟು, ಬಾಗಿ, ಮಗನ ಮಾತು ಕೇಳುತ್ತಿದ್ದಾನೆ. ಮಗನ ಮಾತಿಗೆ ಕಿವಿ ಕೊಡುವ ಅಪ್ಪನನ್ನು ಕಲ್ಲಿನಲ್ಲಿ ಕಡೆದು ಗೋಪುರಕ್ಕೆ ಏರಿಸಿದ್ದಾರೆ.

ಸೋಮಾಸ್ಕಂದ ಅಂತ ಹೇಳ್ತಾರಲ್ಲ, ಅದು ಏನು?

ಶಿವ ಒಂದು ಬದಿ, ಉಮೆ ಒಂದು ಬದಿ, ನಡುವೆ ಪುಟ್ಟ ಸ್ಕಂದ. ಪಲ್ಲವರ ಕಾಲದಲ್ಲಿ ಗರ್ಭಗುಡಿಯ ಹಿಂಗೋಡೆಯಲ್ಲಿ ಈ ಫಲಕ ಇಡುವ ಪದ್ಧತಿ ಬೆಳೆಯಿತು. ಮಹಾಬಲಿಪುರದ ಕಡಲತೀರದ ದೇವಸ್ಥಾನದಲ್ಲೂ ಕಂಚಿಯ ಕೈಲಾಸನಾಥದಲ್ಲೂ ಇದೆ. ಆಮೇಲೆ ಚೋಳರು ಕಂಚಿನಲ್ಲಿ ಎರಕ ಹೊಯ್ದರು. ತಿರುವಾರೂರಿನ ತ್ಯಾಗರಾಜಸ್ವಾಮಿಯೂ ಸೋಮಾಸ್ಕಂದನೇ. ಹಳೆಯ ಕಂಚಿನ ಕೆಲವು ಮೂರ್ತಿಗಳಲ್ಲಿ ಪುಟ್ಟ ಸ್ಕಂದ ಕಾಣೆಯಾಗಿದ್ದಾನೆ. ಅಂಥ ಮೂರ್ತಿಯ ನಡುವಿನ ಖಾಲಿ ಜಾಗ ನೋಡಲು ಬಹಳ ಸಂಕಟ ಆಗುತ್ತದೆ.

ಬೇಳದ ಇಗರ್ಜಿಯ ಮಾತೆ ಯಾಕೆ ದುಃಖದಲ್ಲಿದ್ದಾಳೆ? ಮಗು ಎತ್ತಿಕೊಂಡ ಮರಿಯಮ್ಮ ಅಲ್ವಾ ಚಂದ?

ಬೇಳದ್ದು ಶೋಕಮಾತೆಯ ಇಗರ್ಜಿ, 1890ರದ್ದು. ಆ ಗಾಥಿಕ್ ಶೈಲಿಯ ಕಟ್ಟಡವೇ ನೋಡುವಂಥದ್ದು. ಮರಿಯಮ್ಮನಿಗೆ ಏಳು ಶೋಕಗಳು ಎಂದು ಕ್ರೈಸ್ತ ಸಂಪ್ರದಾಯ ಹೇಳುತ್ತದೆ. ಶಿಲುಬೆ, ಸಾವು, ಸಮಾಧಿ ಎಲ್ಲರಿಗೂ ಗೊತ್ತು. ಆದರೆ ಮೊದಲ ಮೂರನ್ನು ನೋಡಿ. ಎಳೆಗೂಸನ್ನು ದೇವಾಲಯಕ್ಕೆ ತಂದಾಗ ಮುದುಕ ಸಿಮೆಯೋನ ಹೇಳಿದ ಎದೆಗೆ ಖಡ್ಗ ನಾಟುವ ಭವಿಷ್ಯ. ಮಗುವನ್ನು ಉಳಿಸಲು ರಾತ್ರೋರಾತ್ರಿ ಈಜಿಪ್ಟಿಗೆ ಓಡಿದ್ದು. ಹನ್ನೆರಡು ವರ್ಷದ ಮಗ ಜಾತ್ರೆಯ ಜನಜಂಗುಳಿಯಲ್ಲಿ ತಪ್ಪಿಹೋಗಿ ಮೂರು ದಿನ ಕಾಣದೆ ಹೋದದ್ದು. ಈ ಮೂರೂ ಮಗುವನ್ನು ಬೆಳೆಸುವ ವರ್ಷಗಳ ಭಯಗಳು. ಅದಕ್ಕೇ ಜ್ವರದ ಮಗುವನ್ನು ಮಲಗಿಸಿ ಕೂತ ತಾಯಂದಿರು, ಯಾವ ಜಾತಿಯವರೇ ಆಗಲಿ, ಈ ಮಾತೆಯ ಮುಂದೆ ನಿಲ್ಲುತ್ತಾರೆ. ಶೋಕಮಾತೆಯ ಹಬ್ಬ ಸೆಪ್ಟೆಂಬರ್ 15ಕ್ಕೆ.

ಸಂತೋಷದ ಮುಖ ಬೇಕಾದರೆ ಒಂದು ವಾರ ಮೊದಲು, ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಇದೆ. ಮರಿಯಮ್ಮ ಹುಟ್ಟಿದ ದಿನ. ಅದಕ್ಕೆ ಮುಂಚೆ ನೊವೆನಾ ಎಂಬ ಪ್ರಾರ್ಥನೆಯ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂವು ತಂದು ಕೂಸು ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ಬರುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿಯ ಊಟ ಮಾಡುತ್ತಾರೆ.

ಎದೆಹಾಲು ಕೊಡುವ ಮೂರ್ತಿಯ ಫೋಟೊ ಮಕ್ಕಳಿಗೆ ತೋರಿಸಬಹುದಾ?

ಧಾರಾಳವಾಗಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಚೋಳರ ಕಾಲದ, ಯಶೋದೆ ಕೃಷ್ಣನಿಗೆ ಹಾಲೂಡುವ ಕಂಚಿನ ಮೂರ್ತಿ ಇದೆ. ಯುರೋಪಿನಲ್ಲಿ ಮರಿಯಮ್ಮ ಹಾಲೂಡುವ ಚಿತ್ರಗಳು ಬೇಕಾದಷ್ಟಿವೆ. ಭಾಗವತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಿಷ ಹಚ್ಚಿ ಹಾಲು ಕೊಟ್ಟ ಪೂತನಿಗೂ, ಎದೆ ಕೊಟ್ಟ ಕಾರಣಕ್ಕೆ, ತಾಯಿಗೆ ಸಿಗುವ ಗತಿ ಸಿಕ್ಕಿತು ಎನ್ನುತ್ತದೆ. ನಾಚಿಕೆ ದೊಡ್ಡವರದ್ದು, ಮಕ್ಕಳಿಗೆ ಅದು ಗೊತ್ತೇ ಇಲ್ಲ.

ನನ್ನ ಗೆಳತಿ ಮುಸ್ಲಿಂ. ಅವರ ಮನೆಯಲ್ಲಿ ಇಂಥ ಚಿತ್ರವೇ ಇಲ್ಲ. ಅವರಲ್ಲಿ ಇದು ಇಲ್ವಾ?

ಆರಾಧನೆಯ ಜಾಗದಲ್ಲಿ ಮನುಷ್ಯರ ಚಿತ್ರ ಅವರು ಇಡುವುದಿಲ್ಲ. ಅವರ ಕಲೆ ಅಕ್ಷರದಲ್ಲಿದೆ. ಕುರಾನಿನ 17ನೇ ಅಧ್ಯಾಯದ 23, 24ನೇ ವಚನಗಳು ಹೆತ್ತವರ ಬಗ್ಗೆ. ಅವರು ಮುದುಕರಾದಾಗ ಅವರಿಗೆ 'ಛೆ' ಎಂದೂ ಅನ್ನಬೇಡ, ಚಿಕ್ಕವನಿದ್ದಾಗ ನನ್ನನ್ನು ಸಾಕಿದ ಹಾಗೆ ಅವರಿಗೆ ಕರುಣೆ ತೋರು ಎಂದು ಪ್ರಾರ್ಥಿಸು ಎಂಬುದು ಅದರ ತಾತ್ಪರ್ಯ. ಗೆಳತಿಯ ಮನೆಗೆ ಹೋದಾಗ ಗೋಡೆಯ ಚೌಕಟ್ಟಿನಲ್ಲಿ ಏನು ಬರೆದಿದೆ ಎಂದು ಕೇಳಿ. ಅವರು ಖುಷಿಯಿಂದ ಓದಿ ಹೇಳುತ್ತಾರೆ.

## ಮನೆಯ ಮಾತು

ಮದುವೆಯಾಗಿ ಸುಮಾರು ವರ್ಷ ಆಯ್ತು. ಮಕ್ಕಳಾಗಲಿಕ್ಕೆ ಯಾವ ಪಟ ಇಡಬೇಕು?

ಈ ಪ್ರಶ್ನೆ ಪತ್ರದಲ್ಲೇ ಜಾಸ್ತಿ ಬರುತ್ತದೆ. ಎದುರಿಗೆ ಕೇಳಲಿಕ್ಕೆ ಕಷ್ಟ ಆಗುತ್ತದೆ, ಅಲ್ವಾ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಜನ ತೊಟ್ಟಿಲು ಹರಕೆ ಹೇಳುತ್ತಾರೆ. ನಮ್ಮ ಕಡೆ ನಾಗನ ಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಹರಕೆ ಹೇಳಿ, ಮನಸ್ಸಿಗೆ ಬಲ ಬರುತ್ತದೆ. ಜೊತೆಗೆ ಡಾಕ್ಟರನ್ನೂ ನೋಡಿ. ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿ, ಹೆಂಡತಿ ಒಬ್ಬಳನ್ನೇ ಹೊಣೆ ಮಾಡಬೇಡಿ. ಪಟ ಮದ್ದಿನ ಹಾಗೆ ಕೆಲಸ ಮಾಡುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನೊಂದು ಮಾತು. ಲೋಕವೇ ಕೈಮುಗಿಯುವ ಶಿವನ ಸಂಸಾರದಲ್ಲಿ ಪಾರ್ವತಿ ಹೊಟ್ಟೆಯಲ್ಲಿ ಹೊತ್ತು ಹೆತ್ತ ಮಗ ಯಾರು? ಗಣಪನನ್ನು ಅವಳು ಮೈಯ ಮಣ್ಣಿನಿಂದ ಮಾಡಿದಳು. ಸ್ಕಂದ ಶರವಣದ ಜೊಂಡಿನಲ್ಲಿ ಹುಟ್ಟಿದ. ಆದರೂ ಅವಳನ್ನು ಜಗತ್ತಿನ ತಾಯಿ ಎನ್ನುತ್ತೇವೆ.

ಅಜ್ಜಿಯ ಕಾಲದ ಪಟ ಇದೆ. ಮಳೆಗಾಲಕ್ಕೆ ಫಂಗಸ್ ಬರ್ತದೆ. ಏನು ಮಾಡುವುದು?

ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಕಾಗದಕ್ಕೆ ಅದೇ ದೊಡ್ಡ ಶತ್ರು. ಪಟವನ್ನು ಹೊರಗೋಡೆಗೆ ತಾಗಿಸಿ ತೂಗಬೇಡಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿ, ಗಾಳಿ ಆಡಲಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅರಿಶಿನ ಕುಂಕುಮ ಗಾಜಿನ ಮೇಲೆ ಮಾತ್ರ ಹಚ್ಚಿ, ಕಾಗದಕ್ಕೆ ಬೇಡ. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಕೈಪಳಗಿದವರಿಗೆ ಕೊಡಿ. ಮೊದಲು ಒಂದು ಒಳ್ಳೆಯ ಫೋಟೊ ತೆಗೆದಿಡಿ.

ಬಿಸಾಡುವ ಮೊದಲು ಭೂತಗನ್ನಡಿಯಲ್ಲಿ ನೋಡಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರು ಮಾಡಿದ ಮೇಲೆ ಕಲ್ಲಚ್ಚಿನ ದೇವರ ಪಟಗಳು ಊರೂರಿಗೆ ಬಂದವು. ದೇವಸ್ಥಾನದ ಒಳಗೆ ಹೋಗಲು ಬಿಡದೆ ಇದ್ದ ಜನರ ಮನೆಗೂ ದೇವರು ಬಂದದ್ದು ಹೀಗೆ. ಕೆಲವು ಪಟಗಳಿಗೆ ಮನೆಯ ಹೆಂಗಸರು ಜರಿ, ಮಿಣುಕು ಹೊಲಿದು ಸೀರೆ ಉಡಿಸಿದ್ದಾರೆ. ಅದನ್ನು ಕಿತ್ತು 'ಕ್ಲೀನ್' ಮಾಡಬೇಡಿ. ಪಟದಷ್ಟೇ ಬೆಲೆ ಆ ಹೊಲಿಗೆಗೂ ಇದೆ.

## ಇನ್ನೂ ಸ್ವಲ್ಪ ಆಳಕ್ಕೆ

ನಾವು ಮಗುವನ್ನು ದತ್ತು ತೆಗೆದುಕೊಂಡವರು. ನಮ್ಮಂಥವರ ಚಿತ್ರ ಇದೆಯಾ?

ನಿಮ್ಮದೇ ಜಾಸ್ತಿ ಇದೆ. ಯಶೋದೆ, ನಂದ ಇಬ್ಬರೂ ಸಾಕಿದವರು. ಹೆತ್ತ ದೇವಕಿಯ ಪಟ ಎಷ್ಟು ಮನೆಯಲ್ಲಿದೆ, ಹೇಳಿ? ಜೋಸೆಫರು ಸಾಕುತಂದೆ. ಸ್ಕಂದನಿಗೆ ಆರು ಜನ ಕೃತ್ತಿಕೆಯರು ಹಾಲು ಕೊಟ್ಟರು, ಎಲ್ಲರ ಹಾಲನ್ನೂ ಒಟ್ಟಿಗೆ ಕುಡಿಯಲು ಅವನಿಗೆ ಆರು ಮುಖ ಬಂತು. ಕಣ್ವರು ಶಕುಂತಲೆಯನ್ನು ಸಾಕಿದರು.

ನಮ್ಮ ತುಳುನಾಡಿನ ಪಾಡ್ದನಕ್ಕೇ, ಅಂದರೆ ಹಾಡಿ ಹೇಳುವ ಕತೆಗೇ, ಬನ್ನಿ. ಕಾಡಿನಲ್ಲಿ ಬಿಟ್ಟುಹೋದ ಬ್ರಾಹ್ಮಣ ಹುಡುಗಿಯನ್ನು ಸಾಯನ ಬೈದ್ಯ ಮನೆಗೆ ಕರೆತಂದು ಸಾಕಿದ. ಅವಳೇ ದೇಯಿ ಬೈದೆತಿ, ಮದ್ದು ತಿಳಿದವಳು. ಅವಳ ಅವಳಿ ಮಕ್ಕಳು ಕೋಟಿ ಚೆನ್ನಯರು. ತಾಯಿ ತೀರಿಕೊಂಡ ಮೇಲೆ ಆ ಮಕ್ಕಳನ್ನು ಸಾಕಿದವನೂ ಸಾಯನನೇ. ಗರಡಿಗಳಲ್ಲಿ, ಅಂದರೆ ಅವರ ಗುಡಿಗಳಲ್ಲಿ, ಕೋಟಿ ಚೆನ್ನಯರಿಗೆ ಕೈಮುಗಿಯುವಾಗ ಜಾತಿ ನೋಡದೆ ಎರಡು ತಲೆಮಾರು ಸಾಕಿದ ಆ ಮನುಷ್ಯನನ್ನೂ ನೆನೆಯಬೇಕು. ಅವನ ಚಿತ್ರವನ್ನು ಯಾರಾದರೂ ದೊಡ್ಡದಾಗಿ ಬರೆಯಲಿ ಎಂದು ನನಗೆ ತುಂಬ ಆಸೆ.

ಯಶೋದೆ ಮತ್ತು ಮರಿಯಮ್ಮನ ಚಿತ್ರ ಒಂದೇ ಥರ ಕಾಣ್ತದೆ. ಯಾರು ಯಾರಿಂದ ಕಲಿತದ್ದು?

ಕತೆಯಲ್ಲೇ ಹೋಲಿಕೆ ಇದೆ. ಕಂಸ, ಹೆರೋದ ಇಬ್ಬರೂ ಶಿಶುಗಳನ್ನು ಕೊಲ್ಲಿಸಿದ ರಾಜರು. ವಸುದೇವನೂ ಜೋಸೆಫರೂ ರಾತ್ರಿ ಮಗುವನ್ನು ದಾಟಿಸಿದವರು. 19ನೇ ಶತಮಾನದಲ್ಲಿ ಜರ್ಮನಿಯ ಸಂಸ್ಕೃತ ವಿದ್ವಾಂಸ ಆಲ್ಬ್ರೆಕ್ಟ್ ವೇಬರ್ ಅವರು ಕೃಷ್ಣಜನ್ಮಾಷ್ಟಮಿಯ ಚಿತ್ರಣಕ್ಕೆ ಕ್ರೈಸ್ತ ಮೂಲ ಇದೆ ಎಂದು ವಾದಿಸಿದರು. ನನಗೆ ಅದು ಒಪ್ಪಿಗೆ ಇಲ್ಲ. ತೊಡೆಯ ಮೇಲೆ ಮಗು ಇಟ್ಟುಕೊಳ್ಳಲು ಯಾವ ತಾಯಿಯೂ ಇನ್ನೊಂದು ದೇಶದಿಂದ ಕಲಿಯಬೇಕಾಗಿಲ್ಲ. ಆದರೆ ಚಿತ್ರ ಬರೆಯುವ ರೀತಿ ಖಂಡಿತ ಓಡಾಡಿದೆ. 1580ರಲ್ಲಿ ಜೆಸ್ವಿಟ್ ಪಾದ್ರಿಗಳು ಅಕ್ಬರನ ಆಸ್ಥಾನಕ್ಕೆ ಮರಿಯಮ್ಮನ ಚಿತ್ರ ತಂದರು. ಮೊಗಲ್ ಚಿತ್ರಕಾರರು ಅದನ್ನು ನೋಡಿ ಬರೆದರು. ರವಿವರ್ಮ ಯುರೋಪಿನ ತೈಲವರ್ಣದ ರೀತಿಯಲ್ಲಿ ಯಶೋದೆಯನ್ನು ಬರೆದರು. ನಮ್ಮ ದೇವರ ಕೋಣೆಯ ಯಶೋದೆಯ ಕೆನ್ನೆಯ ಮೇಲಿನ ಆ ನೆರಳು ಬೆಳಕು ಬಂದದ್ದು ಅಲ್ಲಿಂದ.

ಇಂಥ ಚಿತ್ರ ಹೆಂಗಸನ್ನು ತಾಯ್ತನಕ್ಕೇ ಕಟ್ಟಿ ಹಾಕುವುದಿಲ್ವಾ?

ಕಾಲೇಜು ಹುಡುಗಿಯರು ಇದನ್ನು ಕೇಳುತ್ತಾರೆ, ಕೇಳಲೇಬೇಕು. ಕ್ಯಾಲೆಂಡರಿನ ಪಟಗಳು ಹಾಗೆ ಮಾಡಿವೆ. ಸದಾ ನಗುವ, ಸುಸ್ತೇ ಆಗದ ಅಮ್ಮನನ್ನು ತೋರಿಸಿ ನಿಜವಾದ ಅಮ್ಮಂದಿರಿಗೆ ತಾವು ಸಾಲದು ಅನಿಸುವ ಹಾಗೆ ಮಾಡಿವೆ.

ಹಳೆಯ ಕಲೆ ಹಾಗಿರಲಿಲ್ಲ. ಸಪ್ತಮಾತೃಕೆಯರನ್ನು ನೋಡಿ. ಇವರಲ್ಲಿ ಚಾಮುಂಡಿ ಇದ್ದಾಳೆ, ಹಂದಿಮುಖದ ವಾರಾಹಿ ಇದ್ದಾಳೆ. ಕೈಯಲ್ಲಿ ಆಯುಧ, ಕೆಲವು ಕಡೆ ಅದೇ ತಾಯಂದಿರ ತೊಡೆಯಲ್ಲಿ ಮಗು. ಬಾದಾಮಿಯ ಚಾಲುಕ್ಯರು ತಮ್ಮನ್ನು ಏಳು ತಾಯಂದಿರು ಸಾಕಿ ಬೆಳೆಸಿದರು ಎಂದು ಶಾಸನಗಳಲ್ಲಿ ಹೆಮ್ಮೆಯಿಂದ ಬರೆಸಿಕೊಂಡರು. ಐಹೊಳೆಯ ರಾವಣಫಡಿಯಲ್ಲಿ ಈ ತಾಯಂದಿರು ಶಿವನ ಜೊತೆ ಕುಣಿಯುತ್ತಿದ್ದಾರೆ. ನಮ್ಮ ಕಡೆಯ ದೇವಸ್ಥಾನಗಳ ಒಳಾಂಗಣದಲ್ಲಿ, ದಕ್ಷಿಣಕ್ಕೆ, ಸಾಲಾಗಿ ಬಲಿಕಲ್ಲುಗಳಿರುತ್ತವೆ. ಅವು ಇದೇ ಸಪ್ತಮಾತೃಕೆಯರು. ಪ್ರದಕ್ಷಿಣೆ ಹೋಗುವಾಗ ತುಳಿಯಬೇಡಿ.

ಅಂಬಿಕಾ ಯಕ್ಷಿಯ ಕತೆ ಇನ್ನೂ ನೇರ. ಶ್ರಾದ್ಧಕ್ಕೆ ಮಾಡಿದ ಅಡಿಗೆಯನ್ನು ಹಸಿದ ಜೈನಮುನಿಗೆ ಬಡಿಸಿದಳು ಎಂದು ಅವಳನ್ನು ಮನೆಯಿಂದ ಹೊರಗೆ ಹಾಕಿದರು. ಎರಡು ಮಕ್ಕಳನ್ನು ಕಟ್ಟಿಕೊಂಡು ಹೊರಟಳು. ದಾರಿಯಲ್ಲಿ ಒಣಗಿದ ಮಾವಿನ ಮರ ಮಕ್ಕಳಿಗೆ ಹಣ್ಣು ಕೊಟ್ಟಿತು. ಹೊರಹಾಕಿದ ಗಂಡ ಮುಂದಿನ ಜನ್ಮದಲ್ಲಿ ಅವಳನ್ನು ಹೊರುವ ಸಿಂಹವಾದ. ಒಬ್ಬಳೇ ಮಕ್ಕಳನ್ನು ಸಾಕಿದ ಹೆಂಗಸಿಗೆ ಬಸದಿಯಲ್ಲಿ ಇಷ್ಟು ಎತ್ತರದ ಜಾಗ ಸಿಕ್ಕಿದೆ.

ಹೊಸ ಮನೆಗೆ ಒಂದು ಚಿತ್ರ ಬರೆಸಬೇಕು. ಕಲಾವಿದರಿಗೆ ಏನು ಹೇಳಬೇಕು?

'ಶಿವನ ಕುಟುಂಬ ಬರೆಯಿರಿ' ಎಂದರೆ ಕ್ಯಾಲೆಂಡರಿನ ನಕಲು ಬರುತ್ತದೆ. ಯಾವ ಗಳಿಗೆ ಬೇಕು ಎಂದು ಹೇಳಿ. ಗಣಪ ಹೆತ್ತವರಿಗೆ ಪ್ರದಕ್ಷಿಣೆ ಬರುವಾಗಲೋ? ಪುಂಡಲೀಕ ಹೆತ್ತವರ ಕಾಲು ಒತ್ತುತ್ತ, ಬಂದ ದೇವರಿಗೆ ಇಟ್ಟಿಗೆ ಎಸೆದು ಅಲ್ಲೇ ನಿಲ್ಲು ಎಂದಾಗಲೋ? ವಿಠಲ ಪಂಢರಪುರದಲ್ಲಿ ಸೊಂಟಕ್ಕೆ ಕೈಯಿಟ್ಟು ಇಟ್ಟಿಗೆಯ ಮೇಲೆ ನಿಂತದ್ದು ಹಾಗೆ ಕಾಯುತ್ತ. ಮುದಿ ಅಪ್ಪ ಅಮ್ಮ ಇರುವ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಮಗುವಿನ ವಯಸ್ಸು ಹೇಳಿ, ಯಾರ ಕೈಯಲ್ಲಿ ಏನು ಕೆಲಸ ಎಂದೂ ಹೇಳಿ.

ಶೈಲಿಯನ್ನು ಮನೆಯ ಗೋಡೆ ನೋಡಿ ಆರಿಸಿ. ಕೇರಳದ ಭಿತ್ತಿಚಿತ್ರದ ಶೈಲಿಯಲ್ಲಿ ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ ಎಂಬ ಐದೇ ಬಣ್ಣ, ದೊಡ್ಡ ಗೋಡೆಗೆ ತುಂಬಿ ಕಾಣುತ್ತದೆ. ಮೈಸೂರು ಶೈಲಿಯಲ್ಲಿ ಚಿನ್ನದ ಹಾಳೆಯ ಕೆಲಸ ತೆಳು, ತಂಜಾವೂರಿನದ್ದು ಉಬ್ಬು ಜಾಸ್ತಿ. ಚಿಕ್ಕ ದೇವರ ಕೋಣೆಗೆ ಮೈಸೂರೇ ವಾಸಿ. ಚಿನ್ನದ ಹಾಳೆ ನಿಜದ್ದೋ ಎಂದು ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಹಣವನ್ನು ಎರಡು ಕಂತಿನಲ್ಲಿ ಕೊಡಿ. ಪೆನ್ಸಿಲಿನ ಗೆರೆ ಆದ ಕೂಡಲೇ ಒಮ್ಮೆ ಹೋಗಿ ನೋಡಿ, ಬಣ್ಣ ತುಂಬಿದ ಮೇಲೆ ಕೈಯ ಭಂಗಿ ತಿದ್ದುವುದು ಕಲಾವಿದರಿಗೂ ಕಷ್ಟ.